ಬ್ರಾಡಕ್ ರಸ್ತೆಯ ಫಲಕಗಳು: ಎಲ್ಲಿ ಕಾರು ನಿಲ್ಲಿಸಬೇಕು?

ಪ್ರಶ್ನೆ: ಮೇರಿಲ್ಯಾಂಡಿನ ಕಂಬರ್ಲ್ಯಾಂಡ್‌ನಿಂದ ಪಿಟ್ಸ್‌ಬರ್ಗ್‌ಗೆ ಕಾರಲ್ಲಿ ಹೋಗಬೇಕೆಂದಿದ್ದೇವೆ. 1755ರಲ್ಲಿ ಬ್ರಿಟಿಷ್ ಜನರಲ್ ಬ್ರಾಡಕ್ ಫ್ರೆಂಚರ ವಿರುದ್ಧ ಹೊರಟ ತನ್ನ ಸೈನ್ಯಕ್ಕಾಗಿ ಕಾಡು ಕಡಿಸಿ ಮಾಡಿಸಿದ ರಸ್ತೆಯ ಗುರುತುಗಳನ್ನು ನೋಡುವ ಆಸೆ. ಪ್ರತಿ ಫಲಕಕ್ಕೂ ನಿಲ್ಲಿಸಬೇಕಾ? ನೋಡಿದವರು ಹೇಳಿ.

ಉತ್ತರ: ಎಲ್ಲದಕ್ಕೂ ನಿಲ್ಲಿಸಿದರೆ ಕತ್ತಲಾದರೂ ಊರು ಮುಟ್ಟಲ್ಲ! ಪೆನ್ಸಿಲ್ವೇನಿಯಾದ ನೀಲಿ ಫಲಕಗಳು ದೂರದಿಂದಲೇ ಕಾಣುತ್ತವೆ, ನಿಜ. ಆದರೆ ಅವನ್ನು ನೆಟ್ಟಿರುವುದು ಈಗಿನ ಹೆದ್ದಾರಿಯ ಬದಿಗೆ. ಹಳೇ ರಸ್ತೆ ಎಷ್ಟೋ ಕಡೆ ಆಚೆ ಕಾಡಿನೊಳಗಿದೆ. ಫಲಕದ ಫೋಟೋ ತೆಗೆದು ಹೊರಟರೆ ರಸ್ತೆ ನೋಡಿದಂತಾಗಲಿಲ್ಲ, ಅಲ್ವಾ?

ಒಂದೇ ಕಡೆ ನಿಲ್ಲಿಸುವುದಾದರೆ ಬ್ರಾಡಕ್ ಸಮಾಧಿಗೆ ನಿಲ್ಲಿಸಿ. ಫೋರ್ಟ್ ನೆಸೆಸಿಟಿ ಎಂಬ ಹಳೇ ಕೋಟೆಯ ಜಾಗ ದಾಟಿ ಸ್ವಲ್ಪ ಮುಂದೆ, ಯುಎಸ್ 40 ಹೆದ್ದಾರಿಯ ಪಕ್ಕದಲ್ಲೇ ಇದೆ. ಜನ 1913ರ ಗ್ರಾನೈಟ್ ಸ್ಮಾರಕ ನೋಡಿ ವಾಪಸ್ ಹೋಗಿಬಿಡುತ್ತಾರೆ. ನೀವು ಕೆಳಗಿನ ತಗ್ಗಿಗೆ ಇಳಿಯಿರಿ. ಹುಲ್ಲು ಬೆಳೆದ, ಗಾಡಿ ಹೋಗುವಷ್ಟು ಅಗಲದ ಹಳ್ಳ ಬಿದ್ದ ಜಾಡು ಕಾಣುತ್ತದೆ. ಅದೇ ಅಸಲಿ ರಸ್ತೆ. ಪಿಟ್ಸ್‌ಬರ್ಗ್ ಹತ್ತಿರ ನಡೆದ ಮನಂಗಹೇಲಾ ಕದನದಲ್ಲಿ ಗುಂಡು ತಗುಲಿದ ಬ್ರಾಡಕ್ ಜುಲೈ 13ರಂದು ಸತ್ತ. ಶತ್ರುಗಳಿಗೆ ಗುರುತು ಸಿಗಬಾರದೆಂದು ಅವನನ್ನು ರಸ್ತೆಯ ಮಧ್ಯದಲ್ಲೇ ಹೂತು, ಮೇಲೆ ಗಾಡಿ ಹಾಯಿಸಿದರು. 1804ರಲ್ಲಿ ರಸ್ತೆ ಕೆಲಸದವರಿಗೆ ಅವನದೆಂದು ನಂಬಲಾದ ಮೂಳೆಗಳು ಸಿಕ್ಕವು. ಅವನ್ನು ಮೇಲಿನ ದಿಬ್ಬಕ್ಕೆ ಸಾಗಿಸಿದರು. ಮೊದಲು ಹೂತ ಜಾಗಕ್ಕೂ ಗುರುತು ಹಾಕಿದ್ದಾರೆ, ಹುಡುಕಿ ನೋಡಿ.

ಇನ್ನೊಬ್ಬರು: ದಾರಿಯಲ್ಲಿ ಬಿಳಿ ಬಣ್ಣದ ಎರಕದ ಕಬ್ಬಿಣದ ಮೈಲಿಗಂಬಗಳು ಸಿಗುತ್ತವೆ. ಊರ ಹೆಸರು, ಮೈಲಿ ಲೆಕ್ಕ ಬರೆದಿರುತ್ತದೆ. ನೋಡೋಕೆ ಭಾರಿ ಹಳೆಯವು ಅನಿಸಿದರೂ ಬ್ರಾಡಕ್‌ಗೂ ಅವಕ್ಕೂ ಸಂಬಂಧವಿಲ್ಲ. ಅವು ಆಮೇಲೆ ಅಮೆರಿಕ ಸರ್ಕಾರ ಮಾಡಿಸಿದ ನ್ಯಾಷನಲ್ ರೋಡಿನವು. ಆ ರಸ್ತೆಯ ಕೆಲಸ ಶುರುವಾದದ್ದೇ 1811ರಲ್ಲಿ. ಎರಡೂ ರಸ್ತೆ ಕೆಲವು ಕಡೆ ಕೂಡುತ್ತವೆ, ಕೆಲವು ಕಡೆ ಅಗಲುತ್ತವೆ. ಗೊಂದಲ ಆಗೋದು ಅಲ್ಲೇ.

ಮತ್ತೊಬ್ಬರು: ಎಲೆ ಉದುರಿದ ಮೇಲೆ ಹೋಗಿ. ಬೇಸಿಗೆಯಲ್ಲಿ ಪೊದೆ ಜಾಸ್ತಿ, ಕಾಡಿನೊಳಗಿನ ಜಾಡು ಕಣ್ಣಿಗೇ ಬೀಳಲ್ಲ. ಕೊನೆಗೆ ಸಿಗುವ ಬ್ರಾಡಕ್ ಪಟ್ಟಣದಲ್ಲಿ ಮನಂಗಹೇಲಾ ಕದನ ನಡೆದ ಬಯಲು ಹುಡುಕಬೇಡಿ. ಅದರ ಮೇಲೆ ಮನೆಗಳು, ಉಕ್ಕಿನ ಕಾರ್ಖಾನೆ ಎದ್ದಿವೆ.

ಮೊದಲಿನವರೇ: ಎಲೆ ಉದುರುವವರೆಗೆ ಕಾದರೆ ಜುಮಾನ್‌ವಿಲ್ ಗ್ಲೆನ್ ಎಂಬ ಕಾಡಿನ ಕಣಿವೆ ತಪ್ಪಿಹೋಗಬಹುದು, ಚಳಿಗಾಲಕ್ಕೆ ಅದನ್ನು ಮುಚ್ಚುತ್ತಾರೆ. 1754ರ ಮೇ 28ರಂದು 22 ವರ್ಷದ ಜಾರ್ಜ್ ವಾಷಿಂಗ್ಟನ್ (ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದವ) ಫ್ರೆಂಚರ ತುಕಡಿಯನ್ನು ಎದುರಿಸಿದ್ದು ಅಲ್ಲಿಯ ಬಂಡೆಗಳ ಕೆಳಗೆ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯ ವಾರ ಸರಿ. ಹೊರಡುವ ಮುನ್ನ ಗೇಟು ತೆರೆದಿದೆಯಾ ವಿಚಾರಿಸಿಕೊಳ್ಳಿ.