ಬೆಕ್ಕಿನ ಸಿಒಐ ಸೀಕ್ವೆನ್ಸಿನಲ್ಲಿ ಜೋಡಿ ಪೀಕ್: ಹೆಟೆರೊಪ್ಲಾಸ್ಮಿಯೋ, ನಮ್ಟೋ?

ಪ್ರಶ್ನೆ:
ಸಾಕುಬೆಕ್ಕಿನ ರಕ್ತದ ಡಿಎನ್‌ಎ, ಪ್ರಭೇದ ಗುರುತಿಸಲು ಬಳಸುವ ಮೈಟೊಕಾಂಡ್ರಿಯದ ಸಿಒಐ ಜೀನಿನ 658 ಬೇಸುಗಳ ಬಾರ್‌ಕೋಡ್ ತುಂಡು. ಜೆಲ್‌ನಲ್ಲಿ ಬ್ಯಾಂಡ್ ಒಂದೇ, ಚೊಕ್ಕವಾಗಿದೆ. ಸ್ಯಾಂಗರ್ ಸೀಕ್ವೆನ್ಸ್ ನೋಡಿದರೆ 25–30 ಕಡೆ ಒಂದರ ಮೇಲೊಂದು ಪೀಕ್, ಅಂದರೆ ಒಂದೇ ಜಾಗದಲ್ಲಿ ಎರಡು ಬೇಸು. ಪ್ರೊಟೀನಿಗೆ ತಿರುಗಿಸಿದರೆ ನಡುನಡುವೆ ಸ್ಟಾಪ್ ಕೋಡಾನ್ (ಪ್ರೊಟೀನ್ ಮುಗಿಯಿತೆಂಬ ಸೂಚನೆ). ಇದು ಹೆಟೆರೊಪ್ಲಾಸ್ಮಿಯೇ, ಅಂದರೆ ಒಂದೇ ಪ್ರಾಣಿಯಲ್ಲಿ ಎರಡು ಬಗೆಯ ಮೈಟೊಕಾಂಡ್ರಿಯ ಡಿಎನ್‌ಎಯೇ? ವಂಶವೃಕ್ಷ ಕಟ್ಟಲು ಬಳಸಬಹುದೇ?

ಉತ್ತರ 1:
ಯಾವ ಕೋಡ್ ಟೇಬಲ್ (ಕೋಡಾನನ್ನು ಅಮೈನೊ ಆಮ್ಲಕ್ಕೆ ತಿರುಗಿಸುವ ಪಟ್ಟಿ) ಹಾಕಿದ್ದೀರಿ? ಕಶೇರುಕಗಳ ಮೈಟೊಕಾಂಡ್ರಿಯಕ್ಕೆ ಟೇಬಲ್ 2 ಬೇಕು. ಅಲ್ಲಿ ಟಿಜಿಎ ಅಂದರೆ ಟ್ರಿಪ್ಟೊಫಾನ್, ಸ್ಟಾಪ್ ಅಲ್ಲ. ಕೋಶಕೇಂದ್ರದ ಜೀನುಗಳಿಗಿರುವ ಟೇಬಲ್ 1ರಲ್ಲಿ ಒಳ್ಳೆಯ ಸೀಕ್ವೆನ್ಸೂ ಹಾಳಾದಂತೆ ಕಾಣುತ್ತೆ.

ಉತ್ತರ 2:
ಟೇಬಲ್ ಬದಲಿಸಿ ಸ್ಟಾಪ್ ಮಾಯವಾದರೂ ನಂಬಬೇಡಿ, ಇತ್ತೀಚೆಗೆ ಕೋಶಕೇಂದ್ರ ಸೇರಿದ ನಮ್ಟ್‌ಗಳಲ್ಲಿ ಸ್ಟಾಪ್ ಇರಲೇಬೇಕೆಂದಿಲ್ಲ. ಹೆಟೆರೊಪ್ಲಾಸ್ಮಿ ಸಾಮಾನ್ಯವಾಗಿ ಒಂದೆರಡು ಜಾಗಕ್ಕೆ ಸೀಮಿತ. ನಿಮ್ಮದು ನಮ್ಟ್, ಅಂದರೆ ಕೋಶಕೇಂದ್ರಕ್ಕೆ ಸೇರಿಹೋದ ಮೈಟೊಕಾಂಡ್ರಿಯ ಡಿಎನ್‌ಎಯ ಹಳೇ ಪ್ರತಿ. ಬೆಕ್ಕು ಇದಕ್ಕೆ ಕುಖ್ಯಾತ. ಸುಮಾರು 17,000 ಬೇಸುಗಳ ಉಂಗುರದಲ್ಲಿ 7,900ರಷ್ಟು ಡಿ2 ಕ್ರೋಮೋಸೋಮಿಗೆ ಹೋಗಿ, 38ರಿಂದ 76 ಪ್ರತಿಗಳಾಗಿ ಸಾಲಾಗಿ ಕೂತಿದೆ. 1994ರಲ್ಲೇ ಪ್ರಕಟವಾದ ವಿಷಯ. ಸಿಒಐ ಅದರೊಳಗೇ ಇದೆ. ಅಸಲಿಗೂ ಪ್ರತಿಗೂ ಸುಮಾರು ಶೇ 5 ವ್ಯತ್ಯಾಸ. 658ಕ್ಕೆ ಲೆಕ್ಕ ಹಾಕಿ, 33 ಬರುತ್ತೆ.

ರಕ್ತ ಆರಿಸಿದ್ದೂ ಎಡವಟ್ಟು. ಸಸ್ತನಿಗಳ ಕೆಂಪುಕಣದಲ್ಲಿ ಮೈಟೊಕಾಂಡ್ರಿಯವೇ ಇಲ್ಲ, ಬಿಳಿಕಣ, ಪ್ಲೇಟ್‌ಲೆಟ್‌ಗಳದ್ದಷ್ಟೇ ಸಿಗುವುದು. ಅಸಲಿ ಕಡಿಮೆಯಾದಷ್ಟೂ ನಕಲಿಯ ಪಾಲು ಹೆಚ್ಚು. ಸ್ನಾಯು ಅಥವಾ ಯಕೃತ್ತು ತಗೊಳ್ಳಿ. ಒಂದು ಪ್ರೈಮರ್ (ಪಿಸಿಆರ್ ಶುರುಮಾಡುವ ಕಿರು ಡಿಎನ್‌ಎ ತುಂಡು) ಸಿಒಐಗಿಂತ ಮುಂಚೆ, ಇನ್ನೊಂದು ನಮ್ಟ್‌ನ ಹೊರಗೆ, ಎನ್‌ಡಿ4 ಜೀನಿನಲ್ಲಿ ಇಟ್ಟು 5–6 ಕಿಲೋಬೇಸಿನ ಲಾಂಗ್ ಪಿಸಿಆರ್ ಮಾಡಿ. ಎಕ್ಸ್‌ಟೆನ್ಷನ್ ಹಂತಕ್ಕೆ (ಹೊಸ ಎಳೆ ಬೆಳೆಯುವ ಹೊತ್ತು) ಕಿಲೋಬೇಸಿಗೆ ಒಂದು ನಿಮಿಷ ಕೊಡಿ. ಅವಸರ ಮಾಡಿದರೆ ಅರ್ಧಕ್ಕೆ ನಿಂತ ಎಳೆಗಳು ಮುಂದಿನ ಸುತ್ತಿನಲ್ಲಿ ಪ್ರೈಮರ್‌ನಂತೆ ವರ್ತಿಸಿ ಅಸಲಿ–ನಕಲಿ ಬೆರೆತ ಸೀಕ್ವೆನ್ಸ್ ಹುಟ್ಟುತ್ತದೆ. ನಂತರ ಆ ಉದ್ದ ತುಂಡಿನಿಂದ ಸಿಒಐ ಓದಿ.

ಉತ್ತರ 3:
ವೃಕ್ಷಕ್ಕೆ ಈಗಿನ ಡೇಟಾ ಬೇಡ. ಸಸ್ತನಿಗಳಲ್ಲಿ ಮೈಟೊಕಾಂಡ್ರಿಯ ಡಿಎನ್‌ಎ ಕೋಶಕೇಂದ್ರದ್ದಕ್ಕಿಂತ ಹಲವು ಪಟ್ಟು ಬೇಗ ಬದಲಾಗುತ್ತದೆ. ಕೋಶಕೇಂದ್ರ ಸೇರಿದ ಪ್ರತಿ ಹೆಚ್ಚುಕಡಿಮೆ ಅಂದು ಇದ್ದಂತೆಯೇ ಉಳಿದು, ಕಿರುಕೊಂಬೆಯಾಗಿ ಬುಡದ ಹತ್ತಿರ ಕೂರುತ್ತದೆ. ಗುರುತು ಹಿಡಿಯಲು ಕೋಡಾನಿನ ಮೂರನೇ ಜಾಗ ನೋಡಿ. ಕೆಲಸ ಮಾಡುವ ಜೀನಿನಲ್ಲಿ ಬದಲಾವಣೆ ಬಹುಪಾಲು ಅಲ್ಲೇ. ನಮ್ಟ್‌ನಲ್ಲಿ ನೈಸರ್ಗಿಕ ಆಯ್ಕೆಯ ಹಿಡಿತವಿಲ್ಲ, ಮೂರೂ ಜಾಗಕ್ಕೆ ಹಂಚಿಹೋಗುತ್ತದೆ.

ಉತ್ತರ 2:
ಮರೆತಿದ್ದೆ: ಹುಲಿ, ಚಿರತೆಗೆ ಇದೇ ಪ್ರೈಮರ್ ಒಯ್ಯಬೇಡಿ. ಪ್ಯಾಂಥೆರಾ ಕುಲದ ನಮ್ಟ್ ಬೇರೆಯೇ, ಎಫ್2 ಕ್ರೋಮೋಸೋಮಿನಲ್ಲಿ, ಸುಮಾರು 12,500 ಬೇಸು.