ಯುದ್ಧಪೀಡಿತ ವಿಕಲಚೇತನರಿಗೆ ಬಳಸಿದ ಗಾಲಿಕುರ್ಚಿ ಕಳುಹಿಸುವುದು ಸರಿಯೇ?

ಪ್ರಶ್ನೆ: ಪದವಿ ಕಾಲೇಜಿನ ಅಧ್ಯಾಪಕಿ, ಗದಗ

ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು, ಯುದ್ಧ ನಡೆಯುತ್ತಿರುವ ದೇಶಗಳ ವಿಕಲಚೇತನರಿಗೂ ವೃದ್ಧರಿಗೂ ಬಳಸಿದ ಗಾಲಿಕುರ್ಚಿ, ಊರುಗೋಲು, ಬಟ್ಟೆಬರೆಗಳನ್ನು ಸಂಗ್ರಹಿಸಿ ಕಳುಹಿಸಬೇಕೆಂದಿದ್ದಾರೆ. 2022ರಲ್ಲಿ ಉಕ್ರೇನಿನಲ್ಲಿದ್ದ ಭಾರತದ ವಿದ್ಯಾರ್ಥಿಗಳು ಚಳಿಯಲ್ಲಿ ಗಡಿಯವರೆಗೆ ನಡೆದು ಪಾರಾದರೆಂಬ ಸುದ್ದಿ ಓದಿದಾಗಿನಿಂದ, ನಡೆಯಲಾಗದವರು ಅಲ್ಲಿ ಏನು ಮಾಡಿದರೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಮಕ್ಕಳ ಉತ್ಸಾಹವನ್ನು ತಡೆಯಲು ನನಗೆ ಮನಸ್ಸಿಲ್ಲ. ಆದರೆ ಇದು ನಿಜವಾಗಿಯೂ ಅಲ್ಲಿನವರಿಗೆ ಉಪಯೋಗವಾಗುವುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಮೇಡಂ, ದಯವಿಟ್ಟು ಗಾಲಿಕುರ್ಚಿಗಳನ್ನು ಕಳುಹಿಸಬೇಡಿ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರು ಅಳತೆಗೆ ಹೊಂದದ ಕುರ್ಚಿಯಲ್ಲಿ, ಸರಿಯಾದ ಮೆತ್ತೆಯಿಲ್ಲದೆ ದಿನಗಟ್ಟಲೆ ಕುಳಿತರೆ ಹುಣ್ಣಾಗುತ್ತದೆ. ನೋವು ತಿಳಿಯದ ಕಾರಣ ಅದು ಗಮನಕ್ಕೆ ಬರುವಷ್ಟರಲ್ಲಿ ಆಳಕ್ಕಿಳಿದಿರುತ್ತದೆ, ಮತ್ತು ಔಷಧ ಸಿಗದ ಊರಿನಲ್ಲಿ ಅಂಥ ಹುಣ್ಣಿನ ಸೋಂಕು ಪ್ರಾಣವನ್ನೇ ತೆಗೆಯಬಲ್ಲದು. ಕೃತಕ ಕಾಲಿನ ವಿಷಯವೂ ಹಾಗೆಯೇ. ಕಾಲು ಕಳೆದುಕೊಂಡ ಮಗು ಬೆಳೆದಂತೆಲ್ಲ ಹೊಸ ಅಳತೆ ತೆಗೆದುಕೊಂಡು ಕಾಲನ್ನು ಬದಲಿಸುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಅಲ್ಲಿ ಬೇಕಾಗಿರುವುದು ವರ್ಷಗಟ್ಟಲೆ ತೆರೆದಿರುವ ಕಾರ್ಯಾಗಾರ ಮತ್ತು ಕೆಲಸ ಬಲ್ಲ ಸ್ಥಳೀಯರು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯು 1988ರಿಂದ ಕಾಬೂಲಿನಲ್ಲಿ ನಡೆಸುತ್ತಿರುವ ಕೃತಕ ಅಂಗಗಳ ಕೇಂದ್ರವನ್ನು ನೋಡಿ: ಅಲ್ಲಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರೇ ಆಗಿದ್ದಾರೆ. ಇಂಥ ಕೆಲಸವನ್ನು ಆಗಲೇ ಮಾಡುತ್ತಿರುವ ಸಂಸ್ಥೆಗೆ ಹಣ ಕೊಡುವುದು ಮೇಲು.

ಉತ್ತರ: ಕೊಣ್ಣೂರು, ನರಗುಂದ ತಾಲೂಕು

ನಾನು ಯುದ್ಧವನ್ನು ಕಂಡವನಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆಯಲ್ಲಿ ಮನೆ ಬಿಟ್ಟವನು. ಪೋಲಿಯೊದಿಂದ ಎರಡೂ ಕಾಲು ಸೋತಿರುವ ನನ್ನ ಅಣ್ಣನನ್ನು ಹೊರಸಿನ ಮೇಲೆ ಹೊತ್ತು ತಂದೆವು, ಅವನ ಮೂರು ಗಾಲಿಯ ಸೈಕಲ್ಲು ನೀರಿನಲ್ಲಿ ಉಳಿಯಿತು. ಪರಿಹಾರ ಕೇಂದ್ರದಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಶೌಚಾಲಯಕ್ಕೆ ನಾಲ್ಕು ಮೆಟ್ಟಿಲುಗಳಿದ್ದವು, ಪ್ರತಿ ಸಲವೂ ಯಾರನ್ನಾದರೂ ಕರೆಯಬೇಕಾಗಿತ್ತು. ಅಣ್ಣ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾನೆಂಬುದು ನಮಗೆ ಮೂರನೆಯ ದಿನ ಗೊತ್ತಾಯಿತು. ಸರದಿಯಲ್ಲಿ ನಿಲ್ಲಬಲ್ಲವರಿಗೆ ಮಾತ್ರ ನೆರವು ಮುಟ್ಟುವ ವ್ಯವಸ್ಥೆಯಲ್ಲಿ ಅಣ್ಣನಂಥವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಾಂಬು ಬೀಳುವ ಊರಿನಲ್ಲಿ ಹೊರಸು ಹೊರುವವರೂ ಇಲ್ಲದಿದ್ದರೆ ಏನು ಗತಿ ಎಂದು ನೆನೆದರೆ ಎದೆ ನಡುಗುತ್ತದೆ.

ಉತ್ತರ: ವಕೀಲೆ, ಧಾರವಾಡ

ಇದು ಕೇವಲ ದಯೆಯ ವಿಷಯವಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 16ನೇ ವಿಧಿಯು ಗಾಯಾಳುಗಳು, ರೋಗಿಗಳು, ಅಶಕ್ತರು ಹಾಗೂ ಗರ್ಭಿಣಿಯರಿಗೆ ವಿಶೇಷ ರಕ್ಷಣೆ ನೀಡಬೇಕೆನ್ನುತ್ತದೆ. 17ನೇ ವಿಧಿಯು ಮುತ್ತಿಗೆಗೆ ಸಿಕ್ಕ ಪ್ರದೇಶದಿಂದ ಅಂಥವರನ್ನೂ ವೃದ್ಧರನ್ನೂ ಮಕ್ಕಳನ್ನೂ ಹೊರತರಲು ಕಾದಾಡುವ ಪಕ್ಷಗಳು ಸ್ಥಳೀಯ ಒಡಂಬಡಿಕೆಗೆ ಯತ್ನಿಸಬೇಕೆನ್ನುತ್ತದೆ. ವಿಕಲಚೇತನರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 11ನೇ ವಿಧಿಯೂ ಯುದ್ಧಕಾಲಕ್ಕೆ ಅನ್ವಯಿಸುತ್ತದೆ. ಭದ್ರತಾ ಮಂಡಳಿಯು ಈ ವಿಷಯಕ್ಕೇ ಮೀಸಲಾದ ತನ್ನ ಮೊದಲ ನಿರ್ಣಯವನ್ನು, ಅಂದರೆ 2475ನೆಯದನ್ನು, ಅಂಗೀಕರಿಸಿದ್ದು 2019ರ ಜೂನ್ 20ರಂದು. ಇಷ್ಟು ತಡವಾಯಿತಲ್ಲ ಎಂಬ ಸಂಕಟ ನನಗಿದೆ.

ಕೊಣ್ಣೂರಿನ ಸಹೋದರರು ಹೇಳಿದ್ದಕ್ಕೂ ನಮ್ಮ ಕಾನೂನಿನಲ್ಲಿ ಉತ್ತರವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಮು ಸಶಸ್ತ್ರ ಸಂಘರ್ಷ ಮತ್ತು ಪ್ರಕೃತಿ ವಿಕೋಪ ಎರಡನ್ನೂ ಹೆಸರಿಸಿ, ಜಿಲ್ಲೆಯ ವಿಕಲಚೇತನರ ವಿವರಗಳನ್ನು ದಾಖಲಿಸಿಟ್ಟುಕೊಂಡು ಅಪಾಯದ ಮುನ್ಸೂಚನೆಯನ್ನು ಅವರಿಗೆ ಮುಟ್ಟಿಸುವ ಹೊಣೆಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಒಪ್ಪಿಸಿದೆ. ಸೈರನ್ ಮೊಳಗಿಸಿದರೆ ಕಿವುಡರಿಗೆ ಕೇಳದು, ಭಿತ್ತಿಪತ್ರ ಅಂಟಿಸಿದರೆ ಕುರುಡರಿಗೆ ಕಾಣದು. ಯಾರಿಗೆ ಯಾವ ರೀತಿಯಲ್ಲಿ ಸುದ್ದಿ ಮುಟ್ಟಿಸಬೇಕೆಂಬುದೂ ಆ ವಿವರದಲ್ಲಿ ಸೇರಬೇಕೆಂದು ನನ್ನ ಅಭಿಪ್ರಾಯ.

ಮರುಪ್ರತಿಕ್ರಿಯೆ: ಅಧ್ಯಾಪಕಿ, ಗದಗ

ಮೂವರಿಗೂ ವಂದನೆಗಳು. ವಸ್ತುಗಳ ಸಂಗ್ರಹವನ್ನು ನಿಲ್ಲಿಸಿ, ಹಣವನ್ನಷ್ಟೇ ಕೂಡಿಸುತ್ತೇವೆ. ಜೊತೆಗೆ, ನಮ್ಮ ಶಿಬಿರ ನಡೆಯುವ ಹಳ್ಳಿಯಲ್ಲಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೊಂದಿಗೆ ಮನೆಮನೆಗೆ ಹೋಗಿ, ಹೊಳೆ ಬಂದರೆ ಯಾರನ್ನು ಯಾರು ಹೊರಬೇಕು, ಯಾರ ಔಷಧ ತಪ್ಪಬಾರದು ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಲು ವಿದ್ಯಾರ್ಥಿಗಳು ಸಿದ್ಧರಾಗಿದ್ದಾರೆ. ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟರು, ಹಾಸಿಗೆ ಹಿಡಿದವರನ್ನು ನೋವಾಗದಂತೆ ಎತ್ತುವ ಕ್ರಮವನ್ನು ಒಂದು ದಿನ ಬಂದು ಕಲಿಸಿಕೊಡಬಲ್ಲಿರಾ?