ಕೋಬಾಲ್ ಮಾಡಿದ್ದು ಗ್ರೇಸ್ ಹಾಪರ್ ಅಂತ ಹೇಳೋದು ಸರೀನಾ?

ಕ್ವಿಜ್_ಹುಚ್ಚ:
ಕಾಲೇಜ್ ಫೆಸ್ಟ್‌ಗೆ ಕ್ವಿಜ್ ರೆಡಿ ಮಾಡ್ತಿದೀನಿ. ಕೋಬಾಲ್ ಅಂದ್ರೆ ಬಿಸಿನೆಸ್ ಕೆಲಸಕ್ಕೆ ಮಾಡಿದ ಹಳೇ ಕಂಪ್ಯೂಟರ್ ಭಾಷೆ. "ಕೋಬಾಲ್ ತಾಯಿ ಅಂತ ಯಾರನ್ನ ಕರೀತಾರೆ" ಅನ್ನೋ ಪ್ರಶ್ನೆಗೆ ಅಮೆರಿಕದ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ ಅಂತ ಉತ್ತರ ಹಾಕಿದ್ರೆ ಫ್ರೆಂಡ್ ಒಬ್ಬ ತಕರಾರು ತೆಗೀತಿದಾನೆ, ಆಯಮ್ಮ ಆ ಭಾಷೆ ಬರೆದ ಕಮಿಟೀಲೇ ಇರ್ಲಿಲ್ವಂತೆ. ನೆಟ್ಟಲ್ಲಿ ನೋಡಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ತಿಳಿದೋರು ಯಾರಾದ್ರೂ ಹೇಳ್ರಪ್ಪ.

ಹಳೇ_ಮೇನ್‌ಫ್ರೇಮ್:
ನಿಮ್ ಫ್ರೆಂಡ್ ಹೇಳೋದ್ರಲ್ಲಿ ಹುರುಳಿದೆ. ಇದನ್ನ ಶುರು ಹಚ್ಚಿದ್ದೇ ಬೇರೆಯವ್ರು, ಬರೋಸ್ ಅನ್ನೋ ಕಂಪ್ಯೂಟರ್ ಕಂಪನಿಯ ಮೇರಿ ಹಾಸ್. ಪ್ರತಿ ಕಂಪನಿ ಮಷೀನ್‌ಗೂ ಪ್ರೋಗ್ರಾಂ ಹೊಸದಾಗಿ ಬರೀಬೇಕಿತ್ತಲ್ಲ, ಆ ಕಾಟ ತಪ್ಪಿಸೋಕೆ ಎಲ್ಲಾರಿಗೂ ಒಂದೇ ಬಿಸಿನೆಸ್ ಭಾಷೆ ಬೇಕು ಅಂತ 1959ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟೀಲಿ ಒಂದು ಮೀಟಿಂಗ್ ಆಯ್ತು, ಮೇ ಕೊನೇಲಿ ಪೆಂಟಗನ್‌ನಲ್ಲಿ ದೊಡ್ಡ ಮೀಟಿಂಗ್, ಅಮೆರಿಕದ ರಕ್ಷಣಾ ಇಲಾಖೆ ಬೆನ್ನಿಗೆ ನಿಂತ್ಕೊಳ್ತು. ಅಲ್ಲಿ ಹುಟ್ಟಿದ ಶಾರ್ಟ್ ರೇಂಜ್ ಕಮಿಟಿಯಿಂದ ಆರೇ ಆರು ಜನ ಕೂತು ಭಾಷೆಯ ವಿವರ ಬರೆದದ್ದು, ಜೀನ್ ಸ್ಯಾಮೆಟ್, ಗರ್ಟ್ರೂಡ್ ಟಿಯರ್ನಿ, ಹೊವರ್ಡ್ ಬ್ರೋಂಬರ್ಗ್ ಇವ್ರೆಲ್ಲಾ. ಹಾಪರ್ ಆ ಆರರಲ್ಲಿ ಇಲ್ಲ, ಮೇಲಿನ ಕಮಿಟಿಗೆ ಸಲಹೆಗಾರ್ತಿ ಅಷ್ಟೆ. ಈ "ತಾಯಿ" ಪಟ್ಟವನ್ನ ಸ್ಯಾಮೆಟ್ ಅವ್ರು ಒಪ್ತಾನೇ ಇರ್ಲಿಲ್ಲ.

ಬಿಟ್_ಬೈಟ್:
ಸರ್, ಸ್ಯಾಮೆಟ್ ಮೇಡಂ ಒಪ್ಪದೇ ಇದ್ದಿದ್ದು ಸಹಜಾನೇ, ಕಷ್ಟಪಟ್ಟು ಬರೆದೋರು ಅವ್ರು, ಹೆಸರು ಇನ್ನೊಬ್ರಿಗೆ ಹೋದ್ರೆ ಯಾರಿಗೆ ತಾನೇ ಉರಿಯಲ್ಲ. ಆದ್ರೆ ಫ್ಲೋ-ಮ್ಯಾಟಿಕ್ ಅನ್ನೋ ಭಾಷೆ ಮರೆತ್ರಾ? ಕಮಿಟಿ ಮುಂದೆ ಇದ್ದ ಇಂಥ ಭಾಷೆಗಳಲ್ಲಿ ನಿಜವಾಗ್ಲೂ ಮಷೀನ್ ಮೇಲೆ ಓಡ್ತಾ ಇದ್ದಿದ್ದು ಅದೊಂದೇ, ಅದು ಹಾಪರ್ ಟೀಮಿಂದು. ಗಣಿತದ ಚಿಹ್ನೆ ಬಿಟ್ಟು ಇಂಗ್ಲಿಷ್ ಪದದಲ್ಲೇ ಆಜ್ಞೆ ಬರೆಯೋದು, ಡೇಟಾ ವಿವರ ಒಂದ್ಕಡೆ ಮಾಡೋ ಕೆಲಸ ಒಂದ್ಕಡೆ ಇಡೋದು, ಎರಡೂ ಅಲ್ಲಿಂದ್ಲೇ ಬಂದಿದ್ದು. ಆರು ಜನ ಗಾಳೀಲಿ ಕೂತು ಬರೀಲಿಲ್ಲ.

ಹಳೇ_ಮೇನ್‌ಫ್ರೇಮ್:
ಫ್ಲೋ-ಮ್ಯಾಟಿಕ್ ಋಣ ದೊಡ್ಡದು, ಅದನ್ನ ಸ್ಯಾಮೆಟ್ ಕೂಡ ಒಪ್ತಿದ್ರು. ಆದ್ರೆ ಐಬಿಎಂನ ಕಾಮ್‌ಟ್ರಾನ್ ಭಾಷೇನ ಯಾಕೆ ಬಿಡ್ತೀರಿ? ಡೇಟಾದಲ್ಲಿ ಎಷ್ಟು ಅಂಕಿ, ಎಷ್ಟು ಅಕ್ಷರ ಅಂತ ಹೇಳೋ ಪಿಕ್ಚರ್ ಕ್ಲಾಜ್ ಬಂದಿದ್ದು ಅಲ್ಲಿಂದ. ವೈಟುಕೆ (2000ನೇ ಇಸವಿ ತೊಂದರೆ) ಟೈಮಲ್ಲಿ ಬೆಂಗಳೂರಲ್ಲಿ ಕೋಬಾಲ್ ಕೋಡ್ ತಿದ್ದಿದವ್ರನ್ನ ಕೇಳಿ ನೋಡಿ, ವರ್ಷಕ್ಕೆ ಎರಡೇ ಅಂಕಿ ಅಂತ ಎಲ್ಲೆಲ್ಲಿ ಬರೆದಿದಾರೆ ಅಂತ ಹುಡುಕಿ ಹುಡುಕಿ ನೋಡ್ತಿದ್ದಿದ್ದು ಆ ಪಿಕ್ಚರ್ ಸಾಲುಗಳನ್ನೇ. ಇಬ್ಬರ ಮನೆ ಸೊಸೆಗೆ ಒಬ್ಬರೇ ಅತ್ತೆ ಅಂದ್ರೆ ಹೆಂಗೆ?

ಸುಮ್ನೆ_ಓದೋಳು:
ಮಧ್ಯೆ ಬಾಯಿ ಹಾಕ್ತಿದೀನಿ, ಕಲ್ಲಿನ ಕಥೆ ಯಾರೂ ಹೇಳೇ ಇಲ್ವಲ್ಲ! ಕೆಲಸ ಮುಂದಕ್ಕೇ ಹೋಗ್ತಿಲ್ಲ ಅಂತ ಬೇಜಾರಾಗಿ ಬ್ರೋಂಬರ್ಗ್ ಒಂದು ಗೋರಿಕಲ್ಲು ತಗೊಂಡು ಅದ್ರ ಮೇಲೆ ಕೋಬಾಲ್ ಅಂತ ಕೆತ್ತಿಸಿ, ರಕ್ಷಣಾ ಇಲಾಖೆಯಲ್ಲಿ ಇದನ್ನೆಲ್ಲಾ ನೋಡ್ಕೊಳ್ತಿದ್ದ ಚಾರ್ಲ್ಸ್ ಫಿಲಿಪ್ಸ್‌ಗೆ ಕಳಿಸಿಬಿಟ್ಟಿದ್ರಂತೆ 😂 ಭಾಷೆ ಇನ್ನೂ ಹುಟ್ಟಿ ಕಣ್ಣು ಬಿಟ್ಟಿರ್ಲಿಲ್ಲ, ಗೋರಿ ರೆಡಿ. 1960ರ ಡಿಸೆಂಬರ್‌ನಲ್ಲಿ ಒಂದೇ ಪ್ರೋಗ್ರಾಂ ಆರ್‌ಸಿಎ 501 ಮತ್ತು ಯೂನಿವ್ಯಾಕ್ 2 ಅನ್ನೋ ಬೇರೆ ಬೇರೆ ಕಂಪನಿ ಮಷೀನ್ ಎರಡರಲ್ಲೂ ಓಡ್ತು, ಮೇರಿ ಹಾಸ್ ಕೇಳಿದ್ದೂ ಅದನ್ನೇ ಅಲ್ವಾ. ನಂಗೆ ಕೇಳಿದ್ರೆ ತಾಯಿ ಪಟ್ಟ ಹಾಸ್‌ಗೇ.

ಕ್ವಿಜ್_ಹುಚ್ಚ:
ಸರಿ ಬಿಡಿ, ಮೊದಲ ಕಂಪೈಲರ್ (ಬರೆದ ಪ್ರೋಗ್ರಾಂನ ಮಷೀನ್ ಕೋಡ್‌ಗೆ ತಿರುಗಿಸೋದು) ಆದ್ರೂ ಹಾಪರ್‌ದು ತಾನೇ? ಆ ಪ್ರಶ್ನೇನೂ ಇಟ್ಟಿದೀನಿ.

ಬಿಟ್_ಬೈಟ್:
ಗುರು, ಅದು ಇನ್ನೂ ದೊಡ್ಡ ಜಗಳ, ಕೈಬಿಡೋದು ಒಳ್ಳೇದು. ಹಾಪರ್ ಪರ ಇಷ್ಟೊತ್ತು ವಾದ ಮಾಡಿದ ನಾನೇ ಇದರಲ್ಲಿ ಅವ್ರ ಕಡೆ ನಿಲ್ಲಲ್ಲ. ಕಂಪೈಲರ್ ಅನ್ನೋ ಹೆಸರು ಓಡಾಡೋ ಹಂಗೆ ಮಾಡಿದ್ದು ಅವ್ರೇ, ಆದ್ರೆ 1952ರ ಅವ್ರ ಎ-0 ಪ್ರೋಗ್ರಾಂ ಮಾಡ್ತಿದ್ದಿದ್ದು ಟೇಪಿಂದ ಮೊದ್ಲೇ ಬರೆದಿಟ್ಟ ಕೋಡ್ ತುಂಡುಗಳನ್ನ (ಸಬ್‌ರುಟೀನ್) ಎತ್ತಿ ಜೋಡಿಸೋ ಕೆಲಸ, ಈಗಿನ ಲೆಕ್ಕದಲ್ಲಿ ಲಿಂಕರ್ ಅಥವಾ ಲೋಡರ್ ಅನ್ಬೇಕು. ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅಲಿಕ್ ಗ್ಲೆನ್ನಿ ಆಟೊಕೋಡ್ ಮಾಡಿದ್ರು, ಅದು ಬರೆದಿದ್ದನ್ನ ಮಷೀನ್ ಕೋಡ್‌ಗೆ ನಿಜವಾಗ್ಲೂ ತಿರುಗಿಸ್ತಿತ್ತು. ಭಾಷೆ ಮಾತ್ರ ಲೆಕ್ಕ ಅಂದ್ರೆ ಜರ್ಮನಿಯ ಕೊನ್ರಾಡ್ ಝೂಸೆ 1945ಕ್ಕೇ ಪ್ಲಾನ್‌ಕಾಲ್ಕ್ಯೂಲ್ ಬರೆದಿಟ್ಟಿದ್ರು, ಪೂರ್ತಿ ಅಚ್ಚಾಗಿದ್ದು 1972ರಲ್ಲಿ. ಓಡೋ ಕಂಪೈಲರ್ ಬೇಕು ಅಂದ್ರೆ ನನ್ನ ಓಟು ಗ್ಲೆನ್ನಿಗೆ, ಮೇನ್‌ಫ್ರೇಮ್ ಸರ್ ಏನಂತಾರೋ ನೋಡೋಣ.